ಕೊಡಚಾದ್ರಿಯ ಜೀಪು ದಾರಿ: ಯುವ ಬರಹಗಾರರೊಬ್ಬರಿಗೆ ಪತ್ರ

ಪ್ರಿಯ ಮಿತ್ರರೇ,

ಡಿಸೆಂಬರಿನಲ್ಲಿ ಕೊಲ್ಲೂರಿನಿಂದ ಜೀಪು ಹಿಡಿದು, ಕೊಡಚಾದ್ರಿ ಹತ್ತಿ ಇಳಿದು, ನಿಟ್ಟೂರಿನ ಆಸುಪಾಸಿನ ಹಳ್ಳಿಗಳನ್ನು ಸುತ್ತಿ, ಕತ್ತಲಾಗುವ ಮುನ್ನ ನಗರ ಎಂಬ ಊರಿನ ಕೋಟೆಯನ್ನೂ ನೋಡಿ ಬಂದ ನಿಮ್ಮ ಒಂದು ದಿನದ ಪ್ರವಾಸದ ಲೇಖನವನ್ನು ಓದಿದೆ. ಭಾಷೆ ನಿಮ್ಮ ಕೈಯಲ್ಲಿದೆ, ವಾಕ್ಯಗಳು ಎಡವುವುದಿಲ್ಲ. ಹೊಗಳಿಕೆಯನ್ನು ಇಷ್ಟಕ್ಕೇ ನಿಲ್ಲಿಸಿ ವಿಷಯಕ್ಕೆ ಬರುತ್ತೇನೆ. ಜೀಪಿನಿಂದ ಕಣ್ಣಿಗೆ ಬಿದ್ದದ್ದೆಲ್ಲ ನಿಮ್ಮ ಲೇಖನದಲ್ಲಿದೆ; ಅದು ಹಾಗೇಕೆ ಇದೆ ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಒಂದು ದಿನದಲ್ಲಿ ಯಾವ ಊರೂ ಯಾರಿಗೂ ಪೂರ್ತಿ ದಕ್ಕುವುದಿಲ್ಲ, ಅದನ್ನು ನಾನು ನಿಮ್ಮಿಂದ ಕೇಳುತ್ತಲೂ ಇಲ್ಲ. ಆದರೆ ಓಡುವ ಗಾಡಿಯಿಂದ ಕಂಡ ನಾಲ್ಕೇ ವಸ್ತುಗಳ ಕಾರಣವನ್ನು ವಿಚಾರಿಸಿ ತಿಳಿದುಕೊಂಡಿದ್ದರೂ ಈ ಲೇಖನ ಬೇರೆಯದೇ ಆಗುತ್ತಿತ್ತು.

ಒಂದು ಉದಾಹರಣೆ ಕೊಡುತ್ತೇನೆ. ನಿಟ್ಟೂರಿನ ಹತ್ತಿರದ ತೋಟವೊಂದರ ಬಗ್ಗೆ ನೀವು “ಇಳಿಬಿಸಿಲಿನಲ್ಲಿ ಹೊಂಬಣ್ಣ ತಳೆದ ಅಡಿಕೆ ಸೋಗೆಗಳು” ಎಂದು ಬರೆದಿದ್ದೀರಿ. ವಾಕ್ಯ ಚೆನ್ನಾಗಿದೆ. ಆದರೆ ನೀವು ಕಳಿಸಿದ ಛಾಯಾಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಆ ಬಣ್ಣ ಬಿಸಿಲಿನದಲ್ಲ, ಎಲೆಚುಕ್ಕಿ ರೋಗದ್ದು ಎಂದು ಕಾಣುತ್ತದೆ. ಮೊದಲು ಸೋಗೆಯ ಮೇಲೆ ಹಳದಿ ಅಂಚಿನ ಕಂದು ಚುಕ್ಕೆಗಳು ಮೂಡುತ್ತವೆ. ಅವು ಹರಡಿ ಒಂದಕ್ಕೊಂದು ಕೂಡಿಕೊಂಡಂತೆ ಎಲೆ ಒಣಗಿ ಜೋತು ಬೀಳುತ್ತದೆ. ಎಲೆ ಕಳೆದುಕೊಂಡ ಮರದಲ್ಲಿ ಫಸಲು ಇಳಿಯುತ್ತದೆ. ಶಿಲೀಂಧ್ರದಿಂದ ಬರುವ ಈ ರೋಗ ಈಚಿನ ವರ್ಷಗಳಲ್ಲಿ ಹೊಸನಗರ, ತೀರ್ಥಹಳ್ಳಿ, ಶೃಂಗೇರಿ, ಕೊಪ್ಪದ ಕಡೆಯ ಬೆಳೆಗಾರರ ನಿದ್ದೆ ಕೆಡಿಸಿದೆ. ರೋಗ ತಗುಲಿದ ಸೋಗೆಯನ್ನು ಕಡಿದು ಸುಡಬೇಕು, ಮರದ ತಲೆಗೆ ಔಷಧಿ ಸಿಂಪಡಿಸಬೇಕು. ಅಷ್ಟು ಎತ್ತರ ಹತ್ತಬಲ್ಲ ಕೊನೆಗೌಡರು ಸಿಗುವುದೇ ಕಷ್ಟವಾಗಿರುವುದರಿಂದ ಹಲವರು ಕಾರ್ಬನ್ ಫೈಬರ್ ದೋಟಿಯನ್ನು ಕೊಂಡು ನೆಲದ ಮೇಲೆ ನಿಂತೇ ಈ ಕೆಲಸ ಮಾಡುತ್ತಿದ್ದಾರೆ. ನೀವು ಸೌಂದರ್ಯವೆಂದು ಕಂಡದ್ದು ಆ ಮನೆಯವರಿಗೆ ಮುಂದಿನ ವರ್ಷದ ಸಾಲದ ಚಿಂತೆ. ಎರಡನ್ನೂ ಒಂದೇ ವಾಕ್ಯದಲ್ಲಿ ಇಡಲು ಸಾಧ್ಯವೇ ಎಂದು ನೋಡಿ. ಹೊಂಬಣ್ಣವನ್ನು ಅಳಿಸಿಹಾಕಬೇಕಾಗಿಲ್ಲ, ಅದು ನಿಮ್ಮ ಕಣ್ಣಿಗೆ ನಿಜವಾಗಿಯೇ ಕಂಡದ್ದು.

ಅದೇ ತೋಟದಂಚಿನ ಸಿಮೆಂಟ್ ತೊಟ್ಟಿಯ ಮೇಲೆ ನೀಲಿ ಕಲೆಗಳಿದ್ದುದನ್ನು ನೀವು ಗಮನಿಸಿದ್ದೀರಿ, ಗಮನಿಸಿ ಮುಂದೆ ಹೋಗಿದ್ದೀರಿ. ಅದು ಬೋರ್ಡೋ ದ್ರಾವಣದ ಕಲೆ. ಮಳೆಗಾಲದಲ್ಲಿ ಎಳೆಯ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮಲೆನಾಡಿನವರು ಇಂದಿಗೂ ನೆಚ್ಚಿರುವ ಮದ್ದು ಅದು: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಕಳೆದ ಶತಮಾನದ ಮೊದಲ ದಶಕದಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇದೇ ಕೊಳೆರೋಗವನ್ನು ಅಧ್ಯಯನ ಮಾಡಿ, ಈ ಸಿಂಪಡಣೆಯನ್ನು ನಮ್ಮ ತೋಟಗಳಿಗೆ ಪರಿಚಯಿಸಿದವರು. ಅವರ ಹೆಸರನ್ನು ತರಲೇಬೇಕೆಂದು ನಾನು ಹೇಳುತ್ತಿಲ್ಲ. ತರುವುದಾದರೆ ತೊಟ್ಟಿಯ ಕಲೆ ಓದುಗನ ಕಣ್ಣಮುಂದೆ ಇರುವಾಗಲೇ ತನ್ನಿ. ಇತಿಹಾಸವೆಂಬ ಬೇರೊಂದು ಪರಿಚ್ಛೇದ ಕಟ್ಟಿ ಅದರಲ್ಲಿ ಕೂರಿಸಬೇಡಿ.

ತೋಟದ ಮೇಲ್ಭಾಗದ ಇಳಿಜಾರಿನಲ್ಲಿ ಕೊಂಬೆಗಳನ್ನು ಸವರಿದ್ದರಿಂದ ಮೊಂಡಾಗಿ ನಿಂತ ಮರಗಳನ್ನು ಕಂಡು ನೀವು ಕಾಡಿನ ನಾಶವೆಂದು ಮರುಗಿದ್ದೀರಿ. ಅದು ಸೊಪ್ಪಿನಬೆಟ್ಟವಿರಬಹುದು, ವಿಚಾರಿಸಬೇಕಿತ್ತು. ಅಡಿಕೆ ತೋಟಕ್ಕೆ ಸೊಪ್ಪು, ದರಗು (ಉದುರಿದ ಒಣ ಎಲೆ) ಒದಗಿಸಲೆಂದು ಬೆಳೆಗಾರರ ಬಳಕೆಗೆ ಬಿಟ್ಟ ಕಾಡು ಅದು. ಅಲ್ಲಿಂದ ತಂದ ಸೊಪ್ಪು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಬಿದ್ದು, ಗೊಬ್ಬರವಾಗಿ, ಅಡಿಕೆಯ ಬುಡ ಸೇರುತ್ತದೆ. ಉತ್ತರ ಕನ್ನಡದಲ್ಲಿ ಬ್ರಿಟಿಷರ ಕಾಲದಿಂದ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂಬ ಲೆಕ್ಕವಿತ್ತು. ಬೆಟ್ಟವನ್ನು ಜೋಪಾನ ಮಾಡಿದವರೂ ಇದ್ದಾರೆ, ಬೋಳು ಮಾಡಿದವರೂ ಇದ್ದಾರೆ. ಯಾವುದನ್ನು ಕಂಡಿರಿ ಎಂಬುದು ಜೀಪು ನಿಲ್ಲಿಸಿ ಹತ್ತು ಹೆಜ್ಜೆ ಒಳಗೆ ನಡೆದವರಿಗೆ ಮಾತ್ರ ತಿಳಿಯುವ ವಿಷಯ. ಇಂಥಲ್ಲಿ ಮರುಕ ಬಲು ಸುಲಭವಾಗಿ ಬಂದುಬಿಡುತ್ತದೆ, ಅದಕ್ಕೇ ನನಗೆ ಅದರ ಮೇಲೆ ಅಷ್ಟು ನಂಬಿಕೆಯಿಲ್ಲ.

ಇನ್ನು ಜೀಪಿನ ಮಾತು. ನಿಮ್ಮ ಲೇಖನದ ಶೀರ್ಷಿಕೆಯಲ್ಲೇ ಜೀಪಿದೆ. ಒಳಗೆ ಅದು ಕುಲುಕುತ್ತದೆ, ನೀವು ಕಿರುಚುತ್ತೀರಿ, ಅಷ್ಟೇ. ಚಾಲಕರಿಗೆ ಸಿಕ್ಕಿದ್ದು ಅರ್ಧ ಸಾಲು. ಆ ದಾರಿಯಲ್ಲಿ ಹೋದವರೆಲ್ಲ ಬರೆಯುವುದು ಕುಲುಕಾಟವನ್ನೇ, ಆದ್ದರಿಂದ ಅದು ಓದುಗನಿಗೆ ಏನನ್ನೂ ಹೇಳುವುದಿಲ್ಲ. ಕಟ್ಟಿನಹೊಳೆ ದಾಟಿದ ಮೇಲೆ ಸುಮಾರು ಹತ್ತು ಕಿಲೋಮೀಟರ್ ದಾರಿಯಲ್ಲಿ ಆ ಮನುಷ್ಯ ಏನು ಮಾಡುತ್ತಿದ್ದರು ಎಂಬುದನ್ನು ಬರೆಯಿರಿ. ಮಳೆನೀರು ಕೊರೆದ ಚರಂಡಿಗಳು ದಾರಿಯ ನಡುವೆಯೇ ಹರಿದಿರುತ್ತವೆ. ಗಾಲಿ ಅದರೊಳಗೆ ಇಳಿದರೆ ಗಾಡಿಯ ಹೊಟ್ಟೆ ಕಲ್ಲಿಗೆ ತಾಗುತ್ತದೆ, ಆದ್ದರಿಂದ ಅವರು ಒಂದು ಗಾಲಿಯನ್ನು ಚರಂಡಿಯ ದಿಣ್ಣೆಯ ಮೇಲೆ, ಇನ್ನೊಂದನ್ನು ದಾರಿಯಂಚಿನ ಮಣ್ಣಿನ ಮೇಲೆ ಇಟ್ಟು ಗಾಡಿಯನ್ನು ಓರೆಯಾಗಿಯೇ ಒಯ್ಯುತ್ತಾರೆ. ನಾಲ್ಕೂ ಗಾಲಿಗಳಿಗೆ ಬಲ ಕೊಡುವ ಸಣ್ಣ ಸನ್ನೆಕೋಲನ್ನು ಯಾವ ತಿರುವಿನಲ್ಲಿ ಎಳೆದರು? ಇಳಿಯುವಾಗ ಬ್ರೇಕಿನ ಮೇಲೆ ಕಾಲಿಡದೆ ಮೊದಲ ಗೇರಿನಲ್ಲಿ ಎಂಜಿನ್ನಿನ ಹಿಡಿತಕ್ಕೇ ಗಾಡಿಯನ್ನು ಬಿಟ್ಟದ್ದೇಕೆ? ಬ್ರೇಕನ್ನು ಬಿಡದೆ ಒತ್ತುತ್ತಾ ಬಂದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ ಎಂಬುದು ಅವರಿಗೆ ಗೊತ್ತು. ಎದುರಿನಿಂದ ಜೀಪು ಬಂದಾಗ ಯಾರು ಹಿಂದೆ ಸರಿಯಬೇಕೆಂಬ ಒಪ್ಪಂದವೂ ಮಾತಿಲ್ಲದೆ ನಡೆಯುತ್ತದೆ. ಗಾಡಿ ಸ್ವಂತದ್ದೋ ಬಾಡಿಗೆಯದೋ, ಸರದಿ ಹೇಗೆ ಬರುತ್ತದೆ, ಸೀಟು ತುಂಬದ ದಿನ ಏನಾಗುತ್ತದೆ, ಮಳೆ ಜೋರಾಗಿ ದಾರಿ ಮುಚ್ಚಿದ ತಿಂಗಳುಗಳಲ್ಲಿ ಮನೆ ಹೇಗೆ ನಡೆಯುತ್ತದೆ: ಇವೆಲ್ಲ ಕೇಳಬಹುದಾದ ಪ್ರಶ್ನೆಗಳು, ಸಮತಟ್ಟಾದ ದಾರಿಯಲ್ಲಿ ಮಾತ್ರ. ಏರಿನಲ್ಲಿ ಅವರನ್ನು ಮಾತಾಡಿಸಬೇಡಿ.

(ಹೋಗುವಾಗ ಮುಂದಿನ ಸೀಟು, ಬರುವಾಗ ಹಿಂದಿನ ಬೆಂಚು ಕೇಳಿಕೊಳ್ಳಿ. ಮುಂದೆ ಕೂತವರಿಗೆ ದಾರಿ ಕಾಣುತ್ತದೆ. ಹಿಂದೆ ಎದುರುಬದುರು ಕೂತವರಿಗೆ ಸಹಪ್ರಯಾಣಿಕರ ಮುಖಗಳು ಕಾಣುತ್ತವೆ. ಆ ಕುಲುಕಾಟದಲ್ಲಿ ಟಿಪ್ಪಣಿ ಬರೆಯಲಾಗದು; ಜೀಪು ನಿಂತಾಗಲೆಲ್ಲ ಎರಡು ಪದ ಗೀಚಿಟ್ಟುಕೊಂಡರೆ ಸಾಕು.)

ಶಿಖರದ ಭಾಗ ಅತಿ ಉದ್ದವಾಗಿದೆ. 1343 ಮೀಟರ್ ಎತ್ತರ, ಮೂಲ ಮೂಕಾಂಬಿಕೆಯ ಗುಡಿ, ಅದರ ಬಳಿಯ ಕಬ್ಬಿಣದ ಕಂಬ, ಗಣಪತಿ ಗುಹೆ, ಶಂಕರಾಚಾರ್ಯರ ಹೆಸರಿನೊಂದಿಗೆ ಬೆಸೆದಿರುವ ಸರ್ವಜ್ಞ ಪೀಠ: ಇವೆಲ್ಲ ಕೊಲ್ಲೂರಿನ ಅಂಗಡಿಗಳಲ್ಲಿ ಸಿಗುವ ಕಿರುಹೊತ್ತಗೆಗಳಲ್ಲಿ ಬಂದುಹೋಗಿವೆ. ನೀವು ಅದನ್ನೇ ಇನ್ನಷ್ಟು ಇಂಪಾದ ಕನ್ನಡದಲ್ಲಿ ಹೇಳಿದ್ದೀರಿ. ಒಂದು ಪರಿಚ್ಛೇದಕ್ಕೆ ಇಳಿಸಿ. ಉಳಿದ ಜಾಗವನ್ನು, ಮೇಲಿನಿಂದ ಪೂರ್ವೋತ್ತರಕ್ಕೆ ಕಂಡು, ನೀವು “ಪ್ರಕೃತಿ ಹಿಡಿದ ಕನ್ನಡಿ” ಎಂದು ಕರೆದ ಆ ನೀರಿಗೆ ಕೊಡಿ.

ಅದನ್ನು ಹಿಡಿದು ನಿಲ್ಲಿಸಿದ್ದು ಪ್ರಕೃತಿಯಲ್ಲ. ಅದು 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು. ಶರಾವತಿಯ ದಂಡೆಯ ಗದ್ದೆ, ತೋಟ, ಮನೆ, ದೇವಸ್ಥಾನಗಳು ಅದರ ಅಡಿಯಲ್ಲಿವೆ. ಅದಕ್ಕೂ ಮೊದಲು ಜೋಗದ ಮಹಾತ್ಮಗಾಂಧಿ ವಿದ್ಯುದಾಗಾರಕ್ಕೆಂದು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೂ ಅಲ್ಲೇ ಮುಳುಗಿದೆ. ನೀರು ತೀರ ತಗ್ಗಿದ ಬೇಸಿಗೆಯಲ್ಲಿ ಅದು ತಲೆ ಎತ್ತಿದಾಗ ನೋಡಲು ಜನ ಹೋಗುತ್ತಾರೆ. ನಾಡಿಗೆ ಬೆಳಕು ಕೊಟ್ಟ ಆ ನೀರಿಗಾಗಿ ಊರು ಬಿಟ್ಟವರಲ್ಲಿ ಹಲವು ಕುಟುಂಬಗಳಿಗೆ, ಬದಲಿಗೆ ಸಿಕ್ಕ ಜಮೀನಿನ ಹಕ್ಕುಪತ್ರದ ತೊಡಕು ಆರು ದಶಕಗಳಾದರೂ ಬಗೆಹರಿದಿಲ್ಲ. ಹಿನ್ನೀರಿನ ಆಚೆ ಉಳಿದ ತುಮರಿ ಭಾಗದವರು ಸಾಗರಕ್ಕೆ ಬರಲು ಲಾಂಚಿಗೆ ಕಾಯಬೇಕಿತ್ತು, ಇಲ್ಲವೇ ನಿಟ್ಟೂರಿನ ಕಡೆಯಿಂದ ದೂರದ ಸುತ್ತು ಹಾಕಬೇಕಿತ್ತು. ಹಿನ್ನೀರಿಗೆ ಅಡ್ಡಲಾಗಿ ಕಟ್ಟಿದ ಸಿಗಂದೂರಿನ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈಯಲ್ಲಿ. ಶಿಖರದ ಮೇಲೆ ನಿಂತ ಪ್ರವಾಸಿಗನಿಗೆ ಇದೆಲ್ಲ ಒಂದು ನೀಲಿ ಪಟ್ಟಿಯಾಗಿ ಮಾತ್ರ ಕಾಣುತ್ತದೆ. ನೋಟ ಸುಂದರವಾಗಿರುವುದಕ್ಕೂ ಅದರ ಅಡಿಯಲ್ಲಿ ಊರುಗಳು ಇರುವುದಕ್ಕೂ ನಡುವೆ ನಿಮ್ಮ ಲೇಖನದ ಅತ್ಯಂತ ಬೆಲೆಯುಳ್ಳ ಪುಟವೊಂದು ಇದೆ, ಅದನ್ನು ನೀವು ಇನ್ನೂ ಬರೆದಿಲ್ಲ.

ಹಳ್ಳಿಯ ಮನೆಯ ಭಾಗ ನನಗೆ ಹಿಡಿಸಿತು, ಒಂದು ಆಕ್ಷೇಪಣೆಯೊಂದಿಗೆ. ಅಂಗಳದ ತುಂಬ ಬೇಯಿಸಿದ ಅಡಿಕೆ ಹರಡಿದ್ದು, ಅಡಿಕೆ ಬೇಯಿಸಿದ ನೀರಾದ ಚೊಗರಿನ ಒಗರು ವಾಸನೆ, ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದ ಹೆಂಗಸರ ಕೈವೇಗ, ಬಂದವರಿಗೆ ಮೊದಲು ಬೆಲ್ಲ ನೀರು ಕೊಟ್ಟದ್ದು: ಇಲ್ಲಿ ನೀವು ನಿಜವಾಗಿಯೂ ನೋಡಿದ್ದೀರಿ. ಅದರ ಬೆನ್ನಿಗೇ “ಮುಗ್ಧ ಹಳ್ಳಿಗರು” ಎಂದು ಬರೆದು ನೋಡಿದ್ದನ್ನೆಲ್ಲ ಕೆಡಿಸಿದ್ದೀರಿ. ಆ ಅಂಗಳದಲ್ಲಿ ಕೂತ ಯಜಮಾನರು ಶಿವಮೊಗ್ಗ ಮಾರುಕಟ್ಟೆಯ ಆ ದಿನದ ರಾಶಿ ಇಡಿ ಎಂಬ ಅಡಿಕೆಯ ದರವನ್ನು ಫೋನಿನಲ್ಲಿ ನೋಡಿಕೊಂಡೇ ನಿಮ್ಮೊಡನೆ ಮಾತಾಡುತ್ತಿದ್ದರು ಎಂದು ನೀವೇ ಎರಡು ಸಾಲು ಮೇಲೆ ಬರೆದಿದ್ದೀರಿ. ಪಶ್ಚಿಮ ಘಟ್ಟದ ಸಂರಕ್ಷಣೆ ಕುರಿತ ಗಾಡ್ಗೀಳ್ ಸಮಿತಿಯ 2011ರ ವರದಿ, ಕಸ್ತೂರಿರಂಗನ್ ಸಮಿತಿಯ 2013ರ ವರದಿ, ಅವುಗಳ ಹಿಂದೆಯೇ ಬಂದ ಕರಡು ಅಧಿಸೂಚನೆಗಳು ಆ ಭಾಗದ ಗ್ರಾಮಸಭೆಗಳಲ್ಲಿ ಎಷ್ಟೋ ಸಲ ಚರ್ಚೆಯಾಗಿವೆ. ತಮ್ಮ ಊರನ್ನು ಬೇರೆಯವರು ಹೇಗೆ ನೋಡುತ್ತಾರೆಂಬ ಅರಿವು ಅವರಿಗೆ ನಿಮಗಿಂತ ಚೆನ್ನಾಗಿದೆ. ಸುಲಿಯುವ ಹೆಂಗಸರಿಗೆ ಕೂಲಿ ಅಳತೆಯ ಲೆಕ್ಕದಲ್ಲೋ ದಿನದ ಲೆಕ್ಕದಲ್ಲೋ, ಸುಲಿಯುವ ಯಂತ್ರ ಬಂದ ಮನೆಗಳಲ್ಲಿ ಅವರಿಗೆ ಯಾವ ಕೆಲಸ ಉಳಿದಿದೆ ಎಂದು ಕೇಳಿದ್ದರೆ, ಅವರ ಕೈವೇಗದ ನಿಮ್ಮ ವರ್ಣನೆಗೆ ಆಧಾರ ದೊರೆಯುತ್ತಿತ್ತು.

ಇನ್ನೊಂದು ವಿವರವನ್ನೂ ನೀವು ಕೈಬಿಟ್ಟಿದ್ದೀರಿ. ಜಲಪಾತದ ಕಡೆ ಕಾಡಿನೊಳಗೆ ಹೆಜ್ಜೆ ಇಡುವ ಮುನ್ನ ಜೊತೆಗಿದ್ದ ಸ್ಥಳೀಯರು ಕಾಲಿಗೆ ಎಣ್ಣೆ ಸವರಿಕೊಂಡರು, ನಿಮಗೂ ಕೊಟ್ಟರು. ನೀವು ಅದನ್ನು ಜಿಗಣೆಗೆ ಎಂದುಕೊಂಡಿರಿ. ಡಿಸೆಂಬರಿನ ಒಣ ಕಾಡಿನಲ್ಲಿ ಭಯ ಜಿಗಣೆಯದ್ದಲ್ಲ, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗಿನದು. 1957ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಆ ಸಣ್ಣ ಉಣುಗುಗಳಿಂದ ಮನುಷ್ಯರಿಗೆ ಹರಡುತ್ತದೆ. ನವೆಂಬರಿನಿಂದ ಮೇ ತನಕ ಅದರ ಕಾಲ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಿನ ಹಳ್ಳಿಗಳಲ್ಲಿ ಅದು ಸಾವು ತಂದದ್ದನ್ನು ಆ ಸೀಮೆಯವರು ಮರೆತಿಲ್ಲ. ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ ಎಂಬ ಸುದ್ದಿ ಅಲ್ಲಿ ಕುತೂಹಲದ ಸುದ್ದಿಯಲ್ಲ, ಎಚ್ಚರಿಕೆಯ ಸುದ್ದಿ. ಸೊಪ್ಪಿಗೆ, ದರಗಿಗೆ, ಸೌದೆಗೆ ಕಾಡಿಗೆ ಹೋಗಲೇಬೇಕಾದವರ ಕಾಡನ್ನು ನೀವು ನೆಮ್ಮದಿಯ ತಾಣವೆಂದು ಮಾತ್ರ ಬಣ್ಣಿಸಿದರೆ, ಆ ಎಣ್ಣೆಯನ್ನು ನಿಮ್ಮ ಕೈಗಿತ್ತವರಿಗೆ ಅದು ಬೇರೆ ಯಾವುದೋ ಊರಿನ ವರ್ಣನೆಯೆನಿಸುತ್ತದೆ.

ನಗರದ ಕೋಟೆಯ ಭಾಗವನ್ನು ಪೂರ್ತಿ ತೆಗೆದುಬಿಡಿ. ನಗರವು ಕೆಳದಿ ಅರಸರ ರಾಜಧಾನಿ ಬಿದನೂರಾಗಿದ್ದ ಕಾಲ, ಶಿವಪ್ಪನಾಯಕನ ‘ಶಿಸ್ತು’ ಎಂಬ ಭೂಕಂದಾಯದ ಪದ್ಧತಿ, 1763ರಲ್ಲಿ ಹೈದರಾಲಿಯ ದಾಳಿ, ಇವು ಒಂದೊಂದೂ ಬೇರೆ ಲೇಖನ ಬೇಡುವಂಥವು. ಕತ್ತಲಾಗುತ್ತಿದ್ದ ಹೊತ್ತಿನಲ್ಲಿ ಅರ್ಧ ಗಂಟೆ ಅಲ್ಲಿದ್ದಿರಿ ಎಂಬ ಕಾರಣಕ್ಕೆ ಮೂರು ಶತಮಾನಗಳನ್ನು ಲೇಖನದ ಬಾಲಕ್ಕೆ ಕಟ್ಟಬೇಕಾಗಿಲ್ಲ. ನೋಡಿದ ಜಾಗವನ್ನೆಲ್ಲ ಬರೆಯಬೇಕೆಂಬ ಹಂಬಲ ಬಾಡಿಗೆಯ ಲೆಕ್ಕದಿಂದ ಬಂದದ್ದು, ಬರವಣಿಗೆಯ ಲೆಕ್ಕದಿಂದಲ್ಲ. ದೇವಗಂಗೆಯ ಕೊಳದ ಬಗ್ಗೆ ನೀವು ಬರೆದ ಎರಡು ವಾಕ್ಯಗಳು ಚೆನ್ನಾಗಿವೆ, ಎತ್ತಿಟ್ಟುಕೊಳ್ಳಿ. ಇನ್ನೊಮ್ಮೆ ಆ ಕಡೆ ಹೋದಾಗ ಅಲ್ಲಿಂದಲೇ ಶುರುಮಾಡಬಹುದು.

ಎರಡನೆಯ ಕರಡಿಗೆ ಕೂರುವ ಮುನ್ನ ಚಾಲಕರಿಗೆ ಒಂದು ಫೋನ್ ಮಾಡಿ. ಕಟ್ಟಿನಹೊಳೆಯಿಂದ ಮೇಲಿನ ದಾರಿಯಲ್ಲಿ ಅವರಿಗೆ ಅತಿ ಕಷ್ಟದ ತಿರುವು ಯಾವುದು, ಆ ತಿರುವಿಗೆ ಅವರವರಲ್ಲಿ ಹೆಸರೇನಾದರೂ ಇದೆಯೇ ಎಂದು ಕೇಳಿ. ತೋಟದ ಮನೆಯವರನ್ನು ಸಂಪರ್ಕಿಸಿ, ಎಲೆಚುಕ್ಕಿ ಅವರ ತೋಟಕ್ಕೆ ಯಾವ ವರ್ಷ ಬಂತು, ಎಷ್ಟು ಮರಕ್ಕೆ ಹಬ್ಬಿದೆ ಎಂದು ತಿಳಿದುಕೊಳ್ಳಿ. ಛಾಯಾಚಿತ್ರವನ್ನೂ ಹೆಸರನ್ನೂ ಬಳಸಬಹುದೇ ಎಂದೂ ಕೇಳಿ, ಬೇಡವೆಂದರೆ ಎರಡನ್ನೂ ಬಿಡಿ. ಈಗಿನ ಕರಡಿನ ಮೂರನೆಯ ಒಂದು ಭಾಗ ಇಳಿದರೂ ಚಿಂತೆಯಿಲ್ಲ. ಯುಗಾದಿಯ ಒಳಗೆ ಕಳಿಸಿದರೆ ಓದಿ ಉತ್ತರಿಸುತ್ತೇನೆ; ಆಮೇಲೆ ನಾನು ಕೆಲವು ವಾರ ಊರಿನಲ್ಲಿರುವುದಿಲ್ಲ.

ಇಂತಿ,
ನಿಮ್ಮ ವಿಶ್ವಾಸಿ