ಮಾರ್ಕೆಟಿಂಗ್ ಮಾತ್ರ ಸಾಕು ಎಂದ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ವಾಣಿಜ್ಯ ಪದವಿಯ ಕೈಪಿಡಿಯನ್ನು ನಿನ್ನೆ ರಾತ್ರಿ ಪೂರ್ತಿ ಓದಿದೆ. ಕೊನೆಯ ಪುಟದ ಸಣ್ಣ ಅಕ್ಷರದ ಷರತ್ತುಗಳನ್ನೂ ಬಿಡಲಿಲ್ಲ. "ಅಮ್ಮಾ, ನನಗೆ ಬೇಕಿರುವುದು ಮಾರ್ಕೆಟಿಂಗ್. ಅಕೌಂಟೆನ್ಸಿ, ಸಂಖ್ಯಾಶಾಸ್ತ್ರ, ಕಾನೂನು ಎಲ್ಲ ನಾನ್ಯಾಕೆ ಓದಬೇಕು? ಮೊದಲ ವರ್ಷ ಸುಮ್ನೆ ಹಾಳಾಗಲ್ವಾ?" ಅಂತ ಕೇಳಿದೆಯಲ್ಲ, ಅದಕ್ಕೆ ಫೋನಿನಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಬರೆದರೆ ನಿಧಾನವಾಗಿ ಹೇಳಬಹುದು ಅನಿಸಿತು.

ಈ ಪದವಿಯ ಕಟ್ಟು ಬಹಳ ಕಡೆ ಹೆಚ್ಚು ಕಡಿಮೆ ಒಂದೇ. ಶುರುವಿಗೆ ಎಲ್ಲರೂ ಓದಲೇಬೇಕಾದ ವಿಷಯಗಳು. ಆಮೇಲೆ ನೀನು ಆಳಕ್ಕಿಳಿದು ಓದುವ ಒಂದು ವಿಷಯ, ಅದೇ ಮೇಜರ್. ಉಳಿದ ಜಾಗದಲ್ಲಿ ನಿನ್ನಿಷ್ಟದ ಐಚ್ಛಿಕ ವಿಷಯಗಳು. ಎಷ್ಟೋ ಕಡೆ ಕೊನೆಯ ಸೆಮಿಸ್ಟರಿನಲ್ಲಿ, ಓದಿದ್ದೆಲ್ಲವನ್ನೂ ಒಟ್ಟಿಗೆ ಬಳಸಿ ಮಾಡುವ ಒಂದು ದೊಡ್ಡ ಪ್ರಾಜೆಕ್ಟ್ ಇರುತ್ತದೆ. ಬಿಕಾಂ ಅಂದರೆ ಲೆಕ್ಕ, ಕಾನೂನು, ಅರ್ಥಶಾಸ್ತ್ರದ ಕಡೆ ವಾಲಿರುತ್ತದೆ, ಬಿಬಿಎ ಅಂದರೆ ಮ್ಯಾನೇಜ್‌ಮೆಂಟ್ ಕಡೆ ಅನ್ನುತ್ತಾರೆ. ಆದರೆ ಈ ಗೆರೆ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ. ಹೆಸರು ನೋಡಬೇಡ, ಒಳಗಿರುವ ವಿಷಯಗಳ ಪಟ್ಟಿ ನೋಡು.

ಈಗ ನಿನಗೆ ಬೇಡವಾದ ಅಕೌಂಟೆನ್ಸಿಗೆ ಬರುತ್ತೇನೆ. ಇಷ್ಟು ವರ್ಷ ಅದರಲ್ಲೇ ಕೆಲಸ ಮಾಡಿದವಳು ನಾನು. ಅದರ ಮೇಲೆ ನನಗೆ ಪ್ರೀತಿ ಇದೆ. ಆದರೆ ಬರೀ ಪ್ರೀತಿಯಿಂದ ಹೇಳುತ್ತಿಲ್ಲ.

ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆಯುವ ಪದ್ಧತಿ ತುಂಬಾ ಹಳೆಯದು. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಒಂದು ಗಣಿತದ ಪುಸ್ತಕದಲ್ಲಿ ಲೂಕಾ ಪಚೋಲಿ ಎಂಬ ಕ್ರೈಸ್ತ ಸನ್ಯಾಸಿ ಅದನ್ನು ವಿವರಿಸಿದ. ಅವನೇ ಅದನ್ನು ಕಂಡುಹಿಡಿದವನಲ್ಲ. ಅಲ್ಲಿನ ವ್ಯಾಪಾರಿಗಳು ಆಗಲೇ ಬಳಸುತ್ತಿದ್ದುದನ್ನು ಬರೆದಿಟ್ಟ, ಅಷ್ಟೇ. ಐನೂರು ವರ್ಷ ದಾಟಿದರೂ ಡೆಬಿಟ್, ಕ್ರೆಡಿಟ್ ಎರಡೂ ಕಡೆ ತಾಳೆಯಾಗಬೇಕು ಎಂಬ ಆ ನಿಯಮ ಹಾಗೇ ಇದೆ. ಕಂಪ್ಯೂಟರ್ ಬಂದ ಮೇಲೆ ಕೂಡಿಸುವ ಕೆಲಸ ಹೋಯಿತು, ಯೋಚನೆ ಹೋಗಲಿಲ್ಲ.

ನಿನ್ನ ಕೆಲಸದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ನೀನು ದೊಡ್ಡ ಗ್ರಾಹಕನೊಬ್ಬನನ್ನು ಹಿಡಿದು ತಂದೆ ಅಂದುಕೋ. 100ಕ್ಕೆ ಕೊಂಡ ಸರಕನ್ನು 130ಕ್ಕೆ ಮಾರಿದೆ. ಹಣ ಮೂರು ತಿಂಗಳ ಮೇಲೆ ಕೊಡಿ ಅಂತ ಒಪ್ಪಿಕೊಂಡೆ. ಲಾಭ ನಷ್ಟದ ಪಟ್ಟಿಯಲ್ಲಿ ಇವತ್ತೇ 30 ಲಾಭ ಕಾಣುತ್ತದೆ. ಎಲ್ಲರೂ ಬೆನ್ನು ತಟ್ಟುತ್ತಾರೆ. ಆದರೆ ಸರಕು ಕೊಟ್ಟವನಿಗೆ ಮುಂದಿನ ವಾರವೇ 100 ಕೊಡಬೇಕು. ಪೆಟ್ಟಿಗೆಯಲ್ಲಿ ನಗದು ಇಲ್ಲ. ಮಾರಾಟ ಹೆಚ್ಚಿದಷ್ಟೂ ಈ ತೂತು ದೊಡ್ಡದಾಗುತ್ತದೆ. ಲಾಭ ಮಾಡುತ್ತಲೇ ಮುಳುಗುವುದು ಅಂದರೆ ಇದೇ. ಮಾರುವವರಿಗೆ ಇದು ಅರ್ಥವಾಗದಿದ್ದರೆ ಇನ್ಯಾರಿಗೆ ಅರ್ಥವಾಗಬೇಕು ಹೇಳು?

ಇನ್ನೊಂದು ವಿಷಯ ನಿನಗೆ ಖಂಡಿತ ಇಷ್ಟವಾಗುತ್ತದೆ. ಇವತ್ತು ಬಹಳ ದೇಶಗಳು ಪಾಲಿಸುವ ಅಂತರರಾಷ್ಟ್ರೀಯ ಲೆಕ್ಕದ ನಿಯಮಗಳಲ್ಲಿ ಜಾಹೀರಾತಿಗೆ ಹಾಕಿದ ಹಣ ಆಸ್ತಿ ಅಲ್ಲ, ಖರ್ಚು. ಹತ್ತು ವರ್ಷ ಕಷ್ಟಪಟ್ಟು ನೀನೇ ಬೆಳೆಸಿದ ಬ್ರ್ಯಾಂಡ್ ನಿನ್ನ ಕಂಪನಿಯ ಅಢಾವೆ ಪತ್ರಿಕೆಯಲ್ಲಿ, ಅಂದರೆ ಆಸ್ತಿ ಮತ್ತು ಸಾಲಗಳ ಪಟ್ಟಿಯಲ್ಲಿ, ಎಲ್ಲೂ ಕಾಣುವುದಿಲ್ಲ. ಅದೇ ಕಂಪನಿಯನ್ನು ನಾಳೆ ಬೇರೆಯವರು ಕೊಂಡರೆ, ಆ ಬ್ರ್ಯಾಂಡ್ ಕೊಂಡವರ ಅಢಾವೆಯಲ್ಲಿ ಬೆಲೆ ಸಮೇತ ಕೂರುತ್ತದೆ! ಮಾರ್ಕೆಟಿಂಗ್‌ನವರ ಬಜೆಟ್ಟಿಗೇ ಮೊದಲು ಕತ್ತರಿ ಬೀಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಖರ್ಚು ಕಣ್ಣಿಗೆ ಕಾಣುತ್ತದೆ, ಗಳಿಕೆ ಕಾಣುವುದಿಲ್ಲ. ಆ ಸಭೆಯಲ್ಲಿ ಕೂತು ನಿನ್ನ ಕೆಲಸದ ಪರವಾಗಿ ಮಾತಾಡಬೇಕಾದರೆ ಲೆಕ್ಕದವರ ಭಾಷೆ ನಿನಗೆ ಬರಬೇಕು.

ಕಾನೂನಿನ ವಿಷಯವೂ ಹಾಗೇ. ಲಂಡನ್ನಿನಲ್ಲಿ ಒಂದು ಕಂಪನಿ ಕಾರ್ಬಾಲಿಕ್ ಸ್ಮೋಕ್ ಬಾಲ್ ಎಂಬ ಸಾಧನ ಮಾರುತ್ತಿತ್ತು. ಹೇಳಿದಂತೆ ಬಳಸಿದ ಮೇಲೂ ಫ್ಲೂ ಬಂದರೆ 100 ಪೌಂಡ್ ಕೊಡುತ್ತೇವೆ ಅಂತ ಜಾಹೀರಾತು ಹಾಕಿತು. ನಮ್ಮ ಮಾತು ನಿಜ ಅನ್ನುವುದಕ್ಕೆ 1000 ಪೌಂಡ್ ಬ್ಯಾಂಕಿನಲ್ಲಿ ಇಟ್ಟಿದ್ದೇವೆ ಅಂತಲೂ ಬರೆಯಿತು. ಕಾರ್ಲಿಲ್ ಎಂಬ ಹೆಂಗಸು ಕೊಂಡು ಬಳಸಿದರು, ಆದರೂ ಅವರಿಗೆ ಫ್ಲೂ ಬಂತು. ಹಣ ಕೇಳಿದರೆ ಕಂಪನಿ ಒಪ್ಪಲಿಲ್ಲ. ಅದು ಬರೀ ಜಾಹೀರಾತಿನ ಮಾತು ಅಂತ ವಾದಿಸಿತು. 1892ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಅದು ಬರೀ ಮಾತಲ್ಲ, ಕೊಟ್ಟ ಮಾತು, ಒಪ್ಪಂದವೇ ಆಯಿತು, ಹಣ ಕೊಡಿ ಅಂದಿತು. ಒಪ್ಪಂದದ ಕಾನೂನು ಕಲಿಸುವ ತರಗತಿಗಳಲ್ಲಿ ಇದನ್ನು ಇವತ್ತಿಗೂ ಓದಿಸುತ್ತಾರೆ. ನಾಳೆ ಜಾಹೀರಾತಿನ ಸಾಲು ಬರೆಯುವವಳು ನೀನು. ಯಾವ ಸಾಲು ಹೊಗಳಿಕೆ, ಯಾವ ಸಾಲು ಕಂಪನಿಯನ್ನು ಕಟ್ಟಿಹಾಕುವ ಮಾತು ಅಂತ ತಿಳಿದು ಬರೆ.

ಅರ್ಥಶಾಸ್ತ್ರ, ಮ್ಯಾನೇಜ್‌ಮೆಂಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿನಗೆ ಅವು ಸಲೀಸು. ಫೈನಾನ್ಸ್ ಕೂಡ, ಇವತ್ತಿನ ಹಣಕ್ಕೂ ಮುಂದೆ ಬರುವ ಹಣಕ್ಕೂ ಇರುವ ಬೆಲೆಯ ವ್ಯತ್ಯಾಸ ಒಮ್ಮೆ ತಲೆಗೆ ಹತ್ತಿದರೆ ಅರ್ಧ ದಾಟಿದ ಹಾಗೆ.

ಸಂಖ್ಯಾಶಾಸ್ತ್ರದ ಬಗ್ಗೆ ಮಾತ್ರ ಸುಮ್ಮನಿರಲಾರೆ. ಸರಾಸರಿಗಳಲ್ಲಿ ಕಂಡ ವ್ಯತ್ಯಾಸ ನಿಜವೋ ಆಕಸ್ಮಿಕವೋ ಅಂತ ಅಳೆಯುವ ಟಿ-ಪರೀಕ್ಷೆ ಎಂಬ ವಿಧಾನವನ್ನು ನೀನು ಓದಲಿದ್ದೀಯ. ಅದರ ಹಿಂದಿನ ಗಣಿತ ಹುಟ್ಟಿದ್ದು ವ್ಯಾಪಾರದ ನಡುವೆಯೇ. ವಿಲಿಯಂ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ. ಅವನ ಕೈಗೆ ಸಿಗುತ್ತಿದ್ದದ್ದು ಕೆಲವೇ ಮಾದರಿಗಳು. ಅಷ್ಟರಿಂದಲೇ ಎಷ್ಟರ ಮಟ್ಟಿಗೆ ನಂಬಬಹುದಾದ ತೀರ್ಮಾನ ಮಾಡಬಹುದು ಅನ್ನುವುದು ಅವನ ಪ್ರಶ್ನೆ. 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಅದರ ಉತ್ತರ ಪ್ರಕಟಿಸಿದ. ನಿನ್ನ ಮುಂದೆ ಎರಡು ಜಾಹೀರಾತು ಇಟ್ಟು, ಇದಕ್ಕೆ ಇಪ್ಪತ್ತು ಜನ, ಅದಕ್ಕೆ ಇಪ್ಪತ್ತೈದು ಜನ ಒಪ್ಪಿದರು ಅಂದರೆ, ಎರಡನೆಯದೇ ಚೆನ್ನಾಗಿದೆ ಅಂತ ಹೇಳಿಬಿಡಬಹುದಾ? ಅಥವಾ ಅದು ಬರೀ ಅದೃಷ್ಟವಾ? ಮಾರುಕಟ್ಟೆ ಸಂಶೋಧನೆ ಅಂದರೆ ಇಡೀ ದಿನ ಇದೇ ಪ್ರಶ್ನೆ.

ನಿನಗೆ ಇದುವರೆಗೆ ಹೇಳದ ಒಂದು ಸಂಗತಿ ಇದೆ. ನನಗೂ ಸಂಖ್ಯಾಶಾಸ್ತ್ರ ಕಂಡರೆ ಭಯವಿತ್ತು. ಮೊದಲ ವರ್ಷ ಬೇಡ, ಎರಡನೆಯ ವರ್ಷ ನೋಡೋಣ ಅಂತ ಮುಂದೂಡಿದೆ. ಎರಡನೆಯ ವರ್ಷವೂ ಹಾಗೇ ಮಾಡಿದೆ. ಕೊನೆಯ ವರ್ಷಕ್ಕೆ ಬಂದಾಗ ಗೊತ್ತಾಯಿತು, ಫೈನಾನ್ಸ್‌ನ ಒಂದು ಕಡ್ಡಾಯ ವಿಷಯಕ್ಕೆ ಸೇರಲು ಅದು ಮೊದಲೇ ಪಾಸಾಗಿರಬೇಕಿತ್ತು. ಆ ಫೈನಾನ್ಸ್ ವಿಷಯ ವರ್ಷಕ್ಕೆ ಒಂದೇ ಸೆಮಿಸ್ಟರಿನಲ್ಲಿ ಇರುತ್ತಿತ್ತು. ಉಳಿದದ್ದೆಲ್ಲ ಮುಗಿದಿತ್ತು. ಆ ಒಂದು ವಿಷಯಕ್ಕಾಗಿ ಒಂದು ವರ್ಷ ಕಾದೆ. ಜೊತೆಯವರೆಲ್ಲ ಕೆಲಸಕ್ಕೆ ಸೇರಿದ್ದರು. ನಿನ್ನ ಅಜ್ಜ ಒಂದು ಮಾತೂ ಆಡಲಿಲ್ಲ, ಅದೇ ನನಗೆ ಜಾಸ್ತಿ ನೋವಾಯಿತು.

ಅದಕ್ಕೇ ಹೇಳುತ್ತಿದ್ದೇನೆ, ಕೈಪಿಡಿಯನ್ನು ಹಿಂದಿನಿಂದ ಮುಂದಕ್ಕೆ ಓದು. ಕೊನೆಯ ವರ್ಷ ಏನು ಓದಬೇಕು ಅಂತಿದ್ದೀಯೋ ಅದನ್ನು ಮೊದಲು ಬರೆ. ಅದಕ್ಕೆ ಮುಂಚೆ ಏನು ಪಾಸಾಗಿರಬೇಕು, ಅದಕ್ಕೂ ಮುಂಚೆ ಏನು, ಅಂತ ಬಾಣ ಎಳೆಯುತ್ತಾ ಬಾ. ನಿನ್ನ ಕೈಪಿಡಿಯಲ್ಲಿ ನಾನು ಎಳೆದು ನೋಡಿದೆ. ಮೂರನೆಯ ವರ್ಷದ ಮಾರುಕಟ್ಟೆ ಸಂಶೋಧನೆಯಿಂದ ಹೊರಟ ಬಾಣ ಸೀದಾ ಮೊದಲ ಸೆಮಿಸ್ಟರಿನ ಸಂಖ್ಯಾಶಾಸ್ತ್ರಕ್ಕೆ ಬಂದು ನಿಲ್ಲುತ್ತದೆ.

ಪಾಸಾದ ಪ್ರತಿ ವಿಷಯಕ್ಕೂ ಅದರ ಕೆಲಸದ ಹೊರೆಗೆ ತಕ್ಕಂತೆ ಕ್ರೆಡಿಟ್ ಸಿಗುತ್ತದೆ (ಇದು ಲೆಕ್ಕದ ಡೆಬಿಟ್, ಕ್ರೆಡಿಟ್ ಅಲ್ಲ). ಒಟ್ಟು ಕ್ರೆಡಿಟ್ ತುಂಬಿದರೆ ಪದವಿ ಸಿಕ್ಕಿತು ಅಂದುಕೊಳ್ಳಬೇಡ, ತುಂಬಾ ಜನ ಎಡವುವುದು ಇಲ್ಲೇ. ಮೇಲಿನ ಹಂತದ ವಿಷಯಗಳು ಇಷ್ಟಾದರೂ ಇರಬೇಕು ಅಂತ ಇರುತ್ತದೆ. ಮೇಜರ್‌ನ ವಿಷಯಗಳಲ್ಲಿ ಬರೀ ಪಾಸಾದರೆ ಸಾಲದು, ಇಷ್ಟು ಅಂಕ ಬರಬೇಕು ಅಂತಲೂ ಕೆಲವು ಕಡೆ ಇರುತ್ತದೆ. ಎರಡು ಮೇಜರ್ ಮಾಡುವವರು ಒಂದೇ ವಿಷಯವನ್ನು ಎರಡಕ್ಕೂ ಲೆಕ್ಕ ಹಾಕಬಹುದೇ ಅಂತ ಮೊದಲೇ ಕೇಳಬೇಕು. ಮುಂದೆ ಎಂದಾದರೂ ಲೆಕ್ಕ ಪರಿಶೋಧಕಿ ಆಗುವ ಮನಸ್ಸು ಬಂದರೆ, ಆ ವೃತ್ತಿ ಸಂಸ್ಥೆ ಯಾವ ವಿಷಯಗಳನ್ನು ಒಪ್ಪುತ್ತದೆ ಅಂತ ವಿಷಯ ಆರಿಸುವ ಮುಂಚೆಯೇ ನೋಡಬೇಕು. ಆಮೇಲೆ ನೋಡಿದರೆ ಎರಡು ಸಲ ಓದಬೇಕಾಗುತ್ತದೆ.

ಸಮಯದ ಲೆಕ್ಕವನ್ನೂ ಹಾಕು. ಅಮೆರಿಕದಲ್ಲಿ ನಾಲ್ಕು ವರ್ಷದ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್, ಯುರೋಪಿನಲ್ಲಿ ಮೂರು ವರ್ಷಕ್ಕೆ 180. ಎಣಿಸುವ ರೀತಿ ಬೇರೆ, ಅದಕ್ಕೇ ಸಂಖ್ಯೆ ಬೇರೆ. ಯುರೋಪಿನ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ಕೆಲಸ. ವರ್ಷಕ್ಕೆ 60 ಕ್ರೆಡಿಟ್ ಅಂದರೆ 1500ರಿಂದ 1800 ಗಂಟೆ. ಅದರಲ್ಲಿ ತರಗತಿಯಲ್ಲಿ ಕೂರುವುದು ಒಂದು ಪಾಲು ಮಾತ್ರ. ಉಳಿದದ್ದು ನೀನೇ ಕೂತು ಓದುವುದು, ಲೆಕ್ಕ ಮಾಡುವುದು, ಗುಂಪಿನ ಕೆಲಸ. ಎಲ್ಲೇ ಸೇರಿದರೂ ಕ್ರೆಡಿಟ್ಟನ್ನು ಗಂಟೆಗೆ ಬದಲಿಸಿ ನೋಡು. ವೇಳಾಪಟ್ಟಿಯಲ್ಲಿ ಖಾಲಿ ಕಂಡ ಮಧ್ಯಾಹ್ನಗಳು ಖಾಲಿ ಅಲ್ಲ ಅಂತ ಆಗ ಗೊತ್ತಾಗುತ್ತದೆ.

ಮೇಜರ್ ಈಗಲೇ ಗಟ್ಟಿ ಮಾಡಬೇಕಾಗಿಲ್ಲ. ನಿನ್ನ ಕೈಪಿಡಿಯ ಪ್ರಕಾರ ಎರಡನೆಯ ವರ್ಷದ ಶುರುವಿನವರೆಗೂ ಸಮಯವಿದೆ. ಮಾರ್ಕೆಟಿಂಗೇ ಇರಲಿ, ನನಗೆ ಸಂತೋಷ. ನಿನ್ನ ಮಾತಿನ ಶಕ್ತಿ ನನಗೆ ಗೊತ್ತು. ಆದರೆ ಮೊದಲ ವರ್ಷದ ಯಾವುದೋ ಒಂದು ವಿಷಯ ನಿನ್ನನ್ನು ಹಿಡಿದು ನಿಲ್ಲಿಸಿದರೆ, ಅದನ್ನೂ ಸ್ವಲ್ಪ ಕೇಳು. ಆ ಒಂದು ವರ್ಷವನ್ನು ಎಲ್ಲರಿಗೂ ಒಂದೇ ಥರ ಇಟ್ಟಿರುವುದು ಅದಕ್ಕೇ ಇರಬಹುದು ಅಂತ ನನಗೆ ಅನಿಸುತ್ತದೆ.

ಒಂದು ದೊಡ್ಡ ಹಾಳೆ ತಗೋ. ಸೆಮಿಸ್ಟರಿಗೊಂದರಂತೆ ಚೌಕ ಹಾಕು. ಬಾಣಗಳನ್ನು ಪೆನ್ಸಿಲ್‌ನಲ್ಲೇ ಎಳೆ, ಬದಲಾಗುತ್ತವೆ. ನೋಂದಣಿ ಮುಗಿಯುವ ಮುಂಚೆ ಅದರ ಫೋಟೋ ಕಳಿಸು. ಸಂಖ್ಯಾಶಾಸ್ತ್ರ ಯಾವ ಚೌಕದಲ್ಲಿದೆ ಅಂತ ಮೊದಲು ನೋಡುತ್ತೇನೆ.

ನಿನ್ನ
ಅಮ್ಮ