ರೈಲು ಓಡಿದಷ್ಟೇ ವೇಗವಾಗಿ ಅಂಚೆಯೂ ಸಾಗಲಿ

ಮಾನ್ಯ ಸಂಪಾದಕರೇ,

ನನ್ನ ತಂಗಿಯ ಮಗನಿಗೆ ಸಂದರ್ಶನದ ಪತ್ರ ತಲುಪಿದ್ದು ಸಂದರ್ಶನ ಮುಗಿದ ಮರುದಿನ. ಸ್ಪೀಡ್ ಪೋಸ್ಟ್‌ನ ಜಾಡು ನೋಡಿದರೆ, ಚೀಲ ಒಂದು ವಿಂಗಡಣಾ ಕೇಂದ್ರದಲ್ಲೇ ಎರಡು ರಾತ್ರಿ ಬಿದ್ದಿತ್ತು. ಬೆಂಗಳೂರಿನಿಂದ ಹುಬ್ಬಳ್ಳಿಗೆ ರೈಲು ಒಂದೇ ರಾತ್ರಿಯಲ್ಲಿ ತಲುಪುತ್ತದೆ. ಕಾಗದಕ್ಕೆ ಮಾತ್ರ ಏಕೆ ದಿನಗಟ್ಟಲೆ ಬೇಕು?

1860ರ ದಶಕದಲ್ಲೇ ಅಲಹಾಬಾದ್–ಕಾನ್ಪುರ ನಡುವೆ ಓಡುವ ರೈಲಿನಲ್ಲಿ ಪತ್ರ ವಿಂಗಡಿಸುವ ಏರ್ಪಾಡು ಆರಂಭವಾಗಿತ್ತು. ಗಾಡಿ ಊರು ಸೇರುವ ಹೊತ್ತಿಗೆ ಆ ಊರಿನ ಕಟ್ಟು ಸಿದ್ಧವಾಗಿರುತ್ತಿತ್ತು. ಆ ಪದ್ಧತಿಯನ್ನು ಹಾಗೆಯೇ ಮರಳಿ ತನ್ನಿ ಎಂದು ನಾನು ಕೇಳುತ್ತಿಲ್ಲ, ಆದರೆ ಅದರ ಹಿಂದಿದ್ದ ಕಾಳಜಿ ಬೇಕು. ವಿಳಂಬವಾಗುವುದು ಹಳಿಯ ಮೇಲಲ್ಲ, ಪ್ಲಾಟ್‌ಫಾರ್ಮಿನಲ್ಲಿ. ಎರಡು ನಿಮಿಷ ನಿಲ್ಲುವ ನಿಲ್ದಾಣದಲ್ಲಿ ಚೀಲ ಇಳಿಸಿಕೊಳ್ಳಲು ಸಿಬ್ಬಂದಿ ಸಿದ್ಧರಿಲ್ಲದಿದ್ದರೆ ಅದು ಮುಂದಿನ ಊರಿಗೆ ಹೋಗುತ್ತದೆ. ರೈಲಿನ ವೇಳಾಪಟ್ಟಿ ಬದಲಾದಾಗ ವಿಂಗಡಣೆಯ ಪಾಳಿ, ಅಂಚೆ ವ್ಯಾನಿನ ಸಮಯವೂ ಬದಲಾಗಬೇಕು. ರಾತ್ರಿ ರೈಲುಗಳಲ್ಲಿ ಅಂಚೆಗೆ ಖಚಿತವಾದ ಜಾಗ ಮೀಸಲಿಡಬೇಕು. ರೈಲ್ವೆ ಮತ್ತು ಅಂಚೆ ಎರಡೂ ಕೇಂದ್ರ ಸರ್ಕಾರದವೇ. ಅಧಿಕಾರಿಗಳು ಒಟ್ಟಿಗೆ ಕುಳಿತು ಮಾತನಾಡಲು ಅಡ್ಡಿಯೇನು?

2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ. ನ್ಯಾಯಾಲಯದ ನೋಟಿಸು, ಬ್ಯಾಂಕಿನ ದಾಖಲೆ ಕಳುಹಿಸುವವರಿಗೆ ಅಂಚೆಯಲ್ಲಿ ಈಗ ಇರುವುದು ಇದೊಂದೇ ದಾರಿ. ಪ್ರತಿ ಚೀಲ ಯಾವ ರೈಲಿಗೆ ಏರಿತು, ಎಲ್ಲಿ ತಪ್ಪಿತು ಎಂಬುದನ್ನು ಇಲಾಖೆ ತಿಂಗಳಿಗೊಮ್ಮೆಯಾದರೂ ಪ್ರಕಟಿಸಲಿ.

— ಒಬ್ಬ ಓದುಗ, ಹಾಸನ ಜಿಲ್ಲೆ