ಸಾಕ್ಷಿ ಜೆ, ಸಾಕ್ಷಿ ಎಚ್, ಮತ್ತೆ ನನ್ನ ಏಳು ವರ್ಷ

ಮೊನ್ನೆ ಗುರುವಾರ ನನ್ನ ಪಿಎಚ್‌ಡಿ ವೈವಾ ಮುಗೀತು. ಏಳು ವರ್ಷ ಎರಡು ತಿಂಗಳು. ಹೊರಗಿಂದ ಬಂದಿದ್ದ ಎಕ್ಸಾಮಿನರ್ ಕೊನೇಲಿ ಫೈಲ್ ಮುಚ್ಚಿ "ಅಭಿನಂದನೆಗಳು ಮೇಡಂ" ಅಂದಾಗ ನಂಗೆ ಥ್ಯಾಂಕ್ಸ್ ಅನ್ನೋಕೂ ಬಾಯಿ ಬರ್ಲಿಲ್ಲ, ಸುಮ್ನೆ ಕೈ ಮುಗಿದು ಕೂತ್ಬಿಟ್ಟೆ. ಅವತ್ತು ಹೇಳೋಕಾಗದೇ ಇದ್ದದ್ದನ್ನೆಲ್ಲ ಇಲ್ಲಿ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ, ಬೇಜಾರು ಮಾಡ್ಕೋಬೇಡಿ.

ನನ್ನ ವಿಷಯ ಏನು ಅಂತ ಮನೆಯವರಿಗೇ ಸುಮಾರು ಜನಕ್ಕೆ ಸರಿಯಾಗಿ ಗೊತ್ತಿಲ್ಲ, ಮದುವೆ ಮುಂಜೀಲಿ ಯಾರಾದ್ರೂ ಕೇಳಿದ್ರೆ "ಲಾ" ಅಂತಷ್ಟೇ ಹೇಳಿ ಮುಗಿಸ್ತಿದ್ದೆ. ಅಂತಾರಾಷ್ಟ್ರೀಯ ಕ್ರಿಮಿನಲ್ ಕೋರ್ಟುಗಳಲ್ಲಿ ಪ್ರಾಸಿಕ್ಯೂಷನ್ ಟೀಮ್ ಹೇಗೆ ಕೇಸ್ ಕಟ್ಟತ್ತೆ, ಟೀಮಿನ ಮುಂದಾಳು ಯಾವ ಘಳಿಗೇಲಿ ಏನು ತೀರ್ಮಾನ ತಗೋತಾರೆ, ಅದ್ರಿಂದ ತೀರ್ಪು ಎಲ್ಲಿಗೆ ಹೋಗಿ ಮುಟ್ಟತ್ತೆ ಅನ್ನೋದು ವಿಷಯ. ಶುರುವಲ್ಲಿ ಎರಡನೇ ಮಹಾಯುದ್ಧ ಮುಗಿದಾಗಿನ ನ್ಯೂರೆಂಬರ್ಗ್ ವಿಚಾರಣೆಯಿಂದ ಹಿಡಿದು ನೆದರ್ಲೆಂಡ್ಸ್‌ನ ಹೇಗ್‌ನಲ್ಲಿರೋ ಕೋರ್ಟುಗಳ ತನಕ ಎಲ್ಲಾನೂ ಹಿಡ್ಕೊಂಡಿದ್ದೆ, ಕೊನೆಗೆ ಉಳಿದದ್ದು ಒಂದೇ ಕೇಸು. ಅಕಾಯೇಸು ಕೇಸು.

ಗೊತ್ತಿಲ್ಲದವರಿಗೆ ಎರಡು ಮಾತು. 1994ರ ಏಪ್ರಿಲ್‌ನಿಂದ ಸುಮಾರು ನೂರು ದಿನ ರುವಾಂಡಾದಲ್ಲಿ ಟುಟ್ಸಿ ಜನರ ನರಮೇಧ ನಡೀತು. ಅದೇ ವರ್ಷ ನವೆಂಬರ್ 8ಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಒಂದು ಟ್ರಿಬ್ಯೂನಲ್ ಮಾಡ್ತು, ಕೋರ್ಟು ಕೂರ್ತಿದ್ದದ್ದು ಪಕ್ಕದ ಟಾಂಜಾನಿಯಾದ ಅರೂಷಾದಲ್ಲಿ. ಜಾನ್ ಪಾಲ್ ಅಕಾಯೇಸು ಅನ್ನೋನು ತಾಬಾ ಅನ್ನೋ ಕಡೆ ಬೂರ್ಗ್‌ಮೆಸ್ಟ್ರ್ ಆಗಿದ್ದ, ನಮ್ಮ ಕಡೆ ತಹಸೀಲ್ದಾರರನ್ನೂ ಊರ ಗೌಡರನ್ನೂ ಒಬ್ಬನಲ್ಲೇ ಸೇರಿಸಿದಂಗೆ ಅಂದ್ಕೊಳ್ಳಿ. ಅದಕ್ಕೆ ಮೊದ್ಲು ಸ್ಕೂಲ್ ಮೇಷ್ಟ್ರು. ಮೊದಲ ಹತ್ತು ದಿನ ಕೊಲೆಗಡುಕರನ್ನ ತಡೆದವನೂ ಇವನೇ, ಏಪ್ರಿಲ್ 18ಕ್ಕೆ ಸರ್ಕಾರದವರು ಕರೆದ ಮೀಟಿಂಗಿಗೆ ಹೋಗಿ ಬಂದ ಮೇಲೆ ಪೂರ್ತಿ ತಿರುಗಿಬಿದ್ದ. ತಾಬಾ ಒಂದರಲ್ಲೇ ಕಡಿಮೆ ಅಂದ್ರೂ ಎರಡು ಸಾವಿರ ಜನ ಸತ್ರು ಅಂತ ದೋಷಾರೋಪಣೆ.

ಮೊದಲ ಥ್ಯಾಂಕ್ಸ್ ನಮ್ಮ ಪಿಪಿ ಮೇಡಂಗೆ, ಅಂದ್ರೆ ಪಬ್ಲಿಕ್ ಪ್ರಾಸಿಕ್ಯೂಟರ್, ಸರ್ಕಾರಿ ವಕೀಲರು. ಈಗ ರಿಟೈರ್ ಆಗಿದ್ದಾರೆ, ಹೆಸರು ಹಾಕ್ಬೇಡ ಅಂದಿದ್ದಾರೆ ಹಂಗಾಗಿ ಹಾಕ್ತಿಲ್ಲ. ಪಾಠ ಹೇಳೋ ಕೆಲಸಕ್ಕೆ ಬರೋಕೆ ಮುಂಚೆ ನಾಲ್ಕು ವರ್ಷ ನಾನು ದಾವಣಗೆರೆ ಕಡೆ ಕೋರ್ಟುಗಳಲ್ಲಿ ಜೂನಿಯರ್ ಆಗಿ ಓಡಾಡ್ತಿದ್ದಾಗ ಮೇಡಂ ಕೇಸ್ ನಡೆಸೋದನ್ನ ನೋಡೋಕೆ ಅಂತಲೇ ಸೆಷನ್ಸ್ ಕೋರ್ಟಲ್ಲಿ ಹಿಂದಿನ ಬೆಂಚಲ್ಲಿ ಕೂರ್ತಿದ್ದೆ. ಒಂದ್ಸಲ ಕಟಕಟೇಲಿ ನಿಂತಿದ್ದ ಹೆಣ್ಮಗಳು "ನನ್ನ ಕೆಡಿಸಿದ್ರು ಸ್ವಾಮಿ" ಅಂದು ಸುಮ್ನಾದ್ಲು. ಎಲ್ಲರೂ ಮುಂದಿನ ಪ್ರಶ್ನೆಗೆ ಕಾಯ್ತಿದ್ರು, ಮೇಡಂ ಕೇಳ್ಲೇ ಇಲ್ಲ. ಕೈಲಿದ್ದ ಪೆನ್ನಿನ ಕ್ಯಾಪ್ ಹಾಕಿದ್ರು, ತೆಗೆದ್ರು, ನಿಧಾನಕ್ಕೆ "ಕೆಡಿಸಿದ್ರು ಅಂದ್ರೆ ಏನ್ ಮಾಡಿದ್ರವ್ವಾ, ನೀನು ಹೇಳೋಷ್ಟು ಹೊತ್ತು ನಾವು ಇಲ್ಲೇ ಇರ್ತೀವಿ" ಅಂದ್ರು. ಆಮೇಲೆ ಆಕೆ ಹೇಳಿದ್ದನ್ನ ಇಲ್ಲಿ ಬರೆಯಲ್ಲ. ಆ ಪ್ರಶ್ನೆ ಕೇಳದೇ ಹೋಗಿದ್ರೆ ರೆಕಾರ್ಡಲ್ಲಿ "ಕೆಡಿಸಿದರು" ಅನ್ನೋ ಒಂದು ಪದ ಬಿಟ್ಟು ಬೇರೇನೂ ಇರ್ತಿರ್ಲಿಲ್ಲ, ಆ ಪದವನ್ನ ಮೇಲಿನ ಕೋರ್ಟಲ್ಲಿ ಯಾರು ಯಾವ ಕಡೆ ಬೇಕಾದ್ರೂ ಎಳೀಬಹುದಿತ್ತು.

ವರ್ಷಗಳಾದ ಮೇಲೆ ಅಕಾಯೇಸು ತೀರ್ಪು ಓದ್ತಾ ಕೂತಾಗ ಒಂದು ಭಾಗ ಬಂತು, ಅದನ್ನ ಓದಿ ಎದ್ದು ನಿಂತ್ಬಿಟ್ಟೆ. ಕಿನ್ಯರುವಾಂಡಾ ಭಾಷೇಲಿ ಸಾಕ್ಷಿಗಳು ಅತ್ಯಾಚಾರಕ್ಕೆ ಬೇರೆ ಬೇರೆ ನಾಲ್ಕು ಪದ ಬಳಸಿದ್ರು. ಗುಸಂಬನ್ಯಾ, ಕುರುಂಗೋರಾ, ಕುರ್ಯಮಾನಾ, ಗುಫಾತಾ ಕು ನ್ಗುಫು. ಒಂದಕ್ಕೆ ಹಾದರ ಅನ್ನೋ ಅರ್ಥ ಹತ್ರ, ಇನ್ನೊಂದಕ್ಕೆ ಹಾಸಿಗೆ ಹಂಚ್ಕೊಳ್ಳೋದು ಅನ್ನೋ ಅರ್ಥ, ಕೊನೇದಕ್ಕೆ ಬಲವಂತವಾಗಿ ತಗೊಳ್ಳೋದು ಅಂತ. ಸಾಕ್ಷಿ ಹೇಳಿದ್ದು ಮೊದ್ಲು ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ ಹೋಗೋದು. ಎರಡು ಸಲ ದಾಟಿ ಬರೋ ಹೊತ್ತಿಗೆ "ಮಲಗಿದ" ಅನ್ನೋದು ಹಂಗೇ ಉಳಿದಿದ್ರೆ ಕೇಸ್ ಗತಿ ಏನು? ನ್ಯಾಯಾಧೀಶರು ಕೋರ್ಟಿನ ದುಭಾಷಿಗಳನ್ನ ಕೇಳಿ, ಒಂದೊಂದು ಪದದ ಅರ್ಥ ಬಿಡಿಸಿ ತೀರ್ಪಲ್ಲೇ ಬರೆದ್ರು. ಅವತ್ತು ರಾತ್ರಿ ಹತ್ತೂವರೆಗೆ ಮೇಡಂಗೆ ಫೋನ್ ಮಾಡಿ ಇದನ್ನ ಓದಿ ಹೇಳ್ದೆ. ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ "ಇದನ್ನೇ ಬರಿ, ಬೇರೆದೆಲ್ಲ ಬಿಟ್ಟುಬಿಡು" ಅಂದ್ರು. ನನ್ನ ಥೀಸಿಸ್ ಹುಟ್ಟಿದ್ದು ಅವತ್ತು, ಯೂನಿವರ್ಸಿಟಿ ರಿಜಿಸ್ಟರ್‌ನಲ್ಲಿ ಇರೋ ತಾರೀಖು ಬರೀ ಕಾಗದದ್ದು.

ಆಮೇಲೆ ಅಕಾಯೇಸು ಕೇಸಿನ ಪ್ರಾಸಿಕ್ಯೂಷನ್ ಟೀಮಿಗೆ. ಅವರ್ಯಾರಿಗೂ ನಾನು ಗೊತ್ತಿಲ್ಲ, ಇದನ್ನ ಓದೋದೂ ಇಲ್ಲ, ಆದ್ರೂ ಹೇಳ್ಬೇಕು. ಕೇಸ್ ನಡೆಸಿದ ಪಿಯೇರ್ ರಿಚರ್ಡ್ ಪ್ರಾಸ್ಪರ್ ಲಾಸ್ ಏಂಜಲಿಸ್‌ನಲ್ಲಿ ಪ್ರಾಸಿಕ್ಯೂಟರ್ ಆಗಿದ್ದವರು, ಅರೂಷಾಗೆ ಹೋದಾಗ ಮೂವತ್ತರ ಮೇಲೆ ಎರಡೋ ಮೂರೋ ವರ್ಷ ಅಷ್ಟೇ. ಜೊತೆಗಿದ್ದ ಸಾರಾ ದರೇಶೋರಿ ಇನ್ನೂ ಚಿಕ್ಕವರು. ನರಮೇಧಕ್ಕೆ ಶಿಕ್ಷೆ ಕೊಟ್ಟ ಅಂತಾರಾಷ್ಟ್ರೀಯ ಕೋರ್ಟಿನ ತೀರ್ಪು ಅಂತ ಅವರ ಮುಂದೆ ಒಂದೂ ಇರ್ಲಿಲ್ಲ, ನರಮೇಧದ ವಿರುದ್ಧ ವಿಶ್ವಸಂಸ್ಥೆ ಮಾಡಿದ್ದ 1948ರ ಒಪ್ಪಂದ ಮಾತ್ರ ಇತ್ತು. ಮುಖ್ಯ ಪ್ರಾಸಿಕ್ಯೂಟರ್ ಲೂಯಿಸ್ ಆರ್ಬರ್ ಕೂತಿದ್ದದ್ದು ಹೇಗ್‌ನಲ್ಲಿ, ಆಗ ಯುಗೋಸ್ಲಾವಿಯಾ ಟ್ರಿಬ್ಯೂನಲ್, ರುವಾಂಡಾ ಟ್ರಿಬ್ಯೂನಲ್ ಎರಡಕ್ಕೂ ಅವರೊಬ್ಬರೇ. ತನಿಖೆ ಮಾಡೋರು ರುವಾಂಡಾದ ರಾಜಧಾನಿ ಕಿಗಾಲಿಯಲ್ಲಿ, ವಿಚಾರಣೆ ಅರೂಷಾದಲ್ಲಿ. ಒಂದೇ ಆವರಣದಲ್ಲಿ ಪೊಲೀಸ್ ಸ್ಟೇಷನ್ನೂ ಕೋರ್ಟೂ ಇದ್ರೂ ನಮ್ಮ ಐಓ (ತನಿಖಾಧಿಕಾರಿ) ಪಿಪಿ ಭೇಟಿಯಾಗೋದು ಎಷ್ಟು ಕಷ್ಟ ಅಂತ ಕೋರ್ಟಿಗೆ ಹೋಗೋರಿಗೆಲ್ಲ ಗೊತ್ತು, ಇವರದ್ದು ಮೂರು ದೇಶದಲ್ಲಿ ಹರಡಿಕೊಂಡಿದ್ದ ಆಫೀಸು.

1997ರ ಜನವರೀಲಿ ವಿಚಾರಣೆ ಶುರುವಾದಾಗ ಚಾರ್ಜಲ್ಲಿ ಅತ್ಯಾಚಾರ ಅನ್ನೋ ಪದವೇ ಇರ್ಲಿಲ್ಲ. ಹನ್ನೆರಡು ಆರೋಪ, ಒಂದೂ ಅದಲ್ಲ. ಸಾಕ್ಷಿ ಜೆ ಅಂತ ಕರೆಯೋ ಒಬ್ಬ ತಾಯಿ ಕೊಲೆಗಳ ಬಗ್ಗೆ ಹೇಳ್ತಾ ತನ್ನ ಆರು ವರ್ಷದ ಮಗಳ ಮೇಲೆ ಮೂರು ಜನ ಅತ್ಯಾಚಾರ ಮಾಡಿದ್ದನ್ನ ಹೇಳಿದ್ರು. ನ್ಯಾಯಪೀಠದವರು ಮತ್ತೆ ಕೇಳಿದ್ರು. ಆಗ ಆಕೆ ಬೂರ್ಗ್‌ಮೆಸ್ಟ್ರ್ ಆಫೀಸಿನ ಹತ್ರಾನೇ ಹುಡುಗೀರ ಮೇಲೆ ಇದು ನಡೀತಿತ್ತು ಅಂತ ಕೇಳಿದ್ದೆ ಅಂದ್ರು. ಆಮೇಲೆ ಬಂದ ಸಾಕ್ಷಿ ಎಚ್, ತನ್ನ ಮೇಲೇ ಜೋಳದ ಹೊಲದಲ್ಲಿ ನಡೆದದ್ದನ್ನ ಹೇಳಿದ್ರು, ಆಫೀಸಿನ ಕಾಂಪೌಂಡಿನ ಆಚೆಗೇ ಬೇರೆ ಹೆಂಗಸರ ಮೇಲೆ ನಡೆದದ್ದನ್ನ ಕಣ್ಣಾರೆ ಕಂಡಿದ್ದನ್ನೂ ಹೇಳಿದ್ರು. ಜೋಳದ ಹೊಲ ಅಂತ ಓದಿದಾಗ ನಮ್ಮ ಹೊಲವೇ ಕಣ್ಮುಂದೆ ಬಂತು, ತೆನೆ ಕಟ್ಟಿದ ಮೇಲೆ ಒಳಗೆ ನಿಂತವರು ದಾರೀಲಿ ಹೋಗೋರಿಗೆ ಕಾಣಲ್ಲ, ನಾವು ಚಿಕ್ಕವರಿದ್ದಾಗ ಕಣ್ಣಾಮುಚ್ಚಾಲೆ ಆಡ್ತಿದ್ದ ಜಾಗ ಅದು. ಆ ಪುಟ ಅವತ್ತು ಮುಂದಕ್ಕೆ ಓದೋಕಾಗ್ಲಿಲ್ಲ.

ಪೀಠದಲ್ಲಿದ್ದ ಮೂವರಲ್ಲಿ ಒಬ್ಬರು ನವನೀತಂ ಪಿಳ್ಳೈ, ದಕ್ಷಿಣ ಆಫ್ರಿಕಾದ ಡರ್ಬನ್ನಿನ ತಮಿಳು ಮೂಲದ ಕುಟುಂಬದವರು, ಆಗ ಆ ಟ್ರಿಬ್ಯೂನಲ್‌ಗೆಲ್ಲ ಒಬ್ಬರೇ ಮಹಿಳಾ ನ್ಯಾಯಾಧೀಶರು. ಜೊತೆಗೆ ಸೆನೆಗಲ್ಲಿನ ಲೈಟಿ ಕಾಮಾ, ಸ್ವೀಡನ್ನಿನ ಲೆನಾರ್ಟ್ ಆಸ್ಪೆಗ್ರೆನ್. ಪೀಠ ಕೇಳಿದ್ದು ದೊಡ್ಡದೇ, ಆದ್ರೆ ಪೀಠ ಕೇಳಿದ ಮಾತ್ರಕ್ಕೆ ಚಾರ್ಜ್ ಬದಲಾಗಲ್ಲ ಅಲ್ಲಿ. ನಮ್ಮಲ್ಲಾದ್ರೆ ಚಾರ್ಜ್ ತಿದ್ದೋ ಅಧಿಕಾರ ಕೋರ್ಟಿಂದು, ಕ್ರಿಮಿನಲ್ ಕೇಸ್ ನಡೆಸೋ ವಿಧಾನದ ಹಳೇ ಕಾನೂನು ಸಿಆರ್‌ಪಿಸಿಯಲ್ಲಿ ಸೆಕ್ಷನ್ 216, ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ ಈಗ 239. ಅಲ್ಲಿ ಪ್ರಾಸಿಕ್ಯೂಷನ್ನೇ ಬಂದು ಅನುಮತಿ ಕೇಳ್ಬೇಕು. ಅಂದ್ರೆ ಕೇಸ್ ಅರ್ಧ ನಡೆದಾಗ, ನಾವು ಇಷ್ಟು ದಿನ ಇದನ್ನ ನೋಡ್ಲಿಲ್ಲ ಅಂತ ಎಲ್ಲರೆದುರು ಒಪ್ಕೊಂಡಂಗೆ. ತನಿಖೆಗೆ ಮತ್ತೆ ಜನ ಕಳಿಸ್ಬೇಕು, ಡಿಫೆನ್ಸ್‌ಗೆ ಹೊಸದಾಗಿ ಟೈಮ್ ಕೊಡ್ಬೇಕು, ಗಟ್ಟಿಯಾಗಿದ್ದ ಕೊಲೆ ಕೇಸಿಗೆ ಇದು ಸೇರಿ ಸಡಿಲ ಆದ್ರೆ ಅನ್ನೋ ಭಯ ಬೇರೆ. ಹೊರಗೆ ಮಹಿಳಾ ಹಕ್ಕುಗಳ ಸಂಘಟನೆಗಳು ಕೋರ್ಟಿಗೆ ಬರೆದು ಒತ್ತಾಯ ಮಾಡ್ತಿದ್ರು, ಒಳಗೆ ಪ್ರಾಸಿಕ್ಯೂಟರ್ ಆಫೀಸಿನಲ್ಲಿ ಈ ಅಪರಾಧಗಳಿಗೇ ಅಂತ ಇದ್ದ ಕಾನೂನು ಸಲಹೆಗಾರ್ತಿ ಪೆಟ್ರೀಷಿಯಾ ಸೆಲ್ಲರ್ಸ್ ಇದ್ರು. ಜೂನ್ 17ಕ್ಕೆ ಮೂರು ಆರೋಪ ಸೇರಿ ಹದಿನೈದು ಆಯ್ತು, ಅಕ್ಟೋಬರ್‌ನಲ್ಲಿ ವಿಚಾರಣೆ ಮತ್ತೆ ಮುಂದುವರೀತು, ಸಾಕ್ಷಿ ಜೆಜೆ ಅನ್ನೋ ಹೆಂಗಸು ತನ್ನ ಮೇಲೆ ನಡೆದದ್ದನ್ನ ಹೇಳಿದ್ದು ಆಗ. ಯಾರ ಒತ್ತಡದಿಂದ ಆಯ್ತು ಅಂತ ಇವತ್ತಿಗೂ ವಾದ ಇದೆ. ಕೋರ್ಟು ಮಾತ್ರ ತೀರ್ಪಲ್ಲಿ ಆ ಸಾಕ್ಷಿಗಳ ಮಾತಿಂದ ಅಂತಾನೇ ಬರೀತು. ನಂಗೆ ಅನ್ಸೋದು, ಒತ್ತಡ ಎಷ್ಟೇ ಇರ್ಲಿ, ಜೆ ಮತ್ತೆ ಎಚ್ ಅಲ್ಲಿ ಬಂದು ಹೇಳದೇ ಇದ್ದಿದ್ರೆ ಕೋರ್ಟು ಒಪ್ಕೊಳ್ಳೋಕೆ ಏನೂ ಇರ್ತಿರ್ಲಿಲ್ಲ, ಅವರು ಹೇಳಿದ್ರೂ ಟೀಮ್ ತನ್ನ ಕೇಸನ್ನ ತಾನೇ ಬಿಚ್ಚೋಕೆ ತಯಾರಿಲ್ದಿದ್ರೆ ಎಲ್ಲ ಟ್ರಾನ್ಸ್‌ಕ್ರಿಪ್ಟಲ್ಲೇ ಕೊಳೀತಿತ್ತು. ಥೀಸಿಸಿನ ಮೂರನೇ ಅಧ್ಯಾಯ ಪೂರ್ತಿ ಇದೇ.

1998ರ ಸೆಪ್ಟೆಂಬರ್ 2ಕ್ಕೆ ತೀರ್ಪು ಬಂತು, ಹದಿನೈದರಲ್ಲಿ ಒಂಬತ್ತು ಆರೋಪ ಸಾಬೀತು, ಆಮೇಲೆ ಜೀವಾವಧಿ. ಅಂತಾರಾಷ್ಟ್ರೀಯ ಕೋರ್ಟೊಂದು ವಿಚಾರಣೆ ಮಾಡಿ ನರಮೇಧದ ಅಪರಾಧಿ ಅಂದದ್ದು ಅದೇ ಮೊದಲು, ಅತ್ಯಾಚಾರವೂ ನರಮೇಧದ ಸಾಧನ ಆಗಬಹುದು ಅಂದದ್ದೂ ಅದೇ ಮೊದಲು.

ಈಗ ನನ್ನವರಿಗೆ. ನನ್ನ ಗೈಡ್ ಸರ್‌ಗೆ. ಮೊದಲು ಬೇರೊಬ್ಬರ ಹತ್ರ ಇದ್ದೆ, ಮೂರನೇ ವರ್ಷ "ಆಫ್ರಿಕಾದ ಕೇಸ್ ಇಟ್ಕೊಂಡು ಇಲ್ಲಿ ಯಾರಿಗೆ ಉಪಯೋಗ, ಟಾಪಿಕ್ ಬದಲಾಯ್ಸಿ ಇಲ್ಲಾ ಬಿಟ್ಬಿಡಿ" ಅಂತ ಫೈಲ್ ವಾಪಸ್ ಕೊಟ್ರು, ಅದೇ ವಾರ ಅಪ್ಪಾಜಿಗೆ ಸ್ಟ್ರೋಕ್. ಎಂಟು ತಿಂಗಳು ಒಂದಕ್ಷರ ಬರೀಲಿಲ್ಲ. ಈಗಿನ ಸರ್ ಕ್ಯಾಂಟೀನಲ್ಲಿ ಕೂರಿಸ್ಕೊಂಡು "ಆ ನಾಲ್ಕು ಪದದ ಕಥೆ ಹೇಳಮ್ಮ" ಅಂದ್ರು, ಹೇಳ್ದೆ, ಟೀ ಆರಿಹೋಯ್ತು, ಅವತ್ತೇ ಸಂಜೆ ಗೈಡ್ ಬದಲಾವಣೆ ಅರ್ಜಿಗೆ ಸೈನ್ ಹಾಕಿದ್ರು. ಸರ್, ನೀವು ಅವತ್ತು ಬೇರೇನೂ ಕೇಳಲೇ ಇಲ್ಲ, ಅದನ್ನ ಮರೆಯಲ್ಲ.

ಟ್ರಿಬ್ಯೂನಲ್ ಮುಚ್ಚಿದ್ದು 2015ರ ಕೊನೆಗೆ, ಮುಚ್ಚೋ ಮುಂಚೆ ಅಲ್ಲಿನ ಪ್ರಾಸಿಕ್ಯೂಟರ್ ಆಫೀಸಿನವರು ತಾವು ಇಂಥ ಕೇಸುಗಳಲ್ಲಿ ಎಲ್ಲಿ ಗೆದ್ವಿ ಎಲ್ಲಿ ಎಡವಿದ್ವಿ ಅಂತ ಒಂದು ಕೈಪಿಡಿ ಬರೆದಿಟ್ಟು ಹೋದ್ರು, ಬೇರೆ ದೇಶದ ಪ್ರಾಸಿಕ್ಯೂಟರ್‌ಗಳಿಗೆ ಆಗ್ಲಿ ಅಂತ. ತಮ್ಮ ಸೋಲನ್ನೂ ಬರೆದಿಟ್ಟ ಆ ಮನಸ್ಸಿಗೆ ನನ್ನ ನಮಸ್ಕಾರ. ಅದನ್ನೂ ಸಾವಿರಾರು ಪುಟದ ಟ್ರಾನ್ಸ್‌ಕ್ರಿಪ್ಟನ್ನೂ ಪ್ರಿಂಟ್ ಹಾಕಿಕೊಟ್ಟ ನಮ್ಮ ಬಸ್‌ಸ್ಟ್ಯಾಂಡ್ ಹಿಂದಿನ ಜೆರಾಕ್ಸ್ ಅಂಗಡಿ ಅಣ್ಣನಿಗೆ ತುಂಬಾ ಥ್ಯಾಂಕ್ಸ್, ಎಷ್ಟೋ ಸಲ ದುಡ್ಡು ಆಮೇಲೆ ಕೊಡಿ ಮೇಡಂ ಅಂದಿದ್ದಾನೆ. ಲೈಬ್ರರಿ ಅಕ್ಕನಿಗೆ, ಏಳು ಗಂಟೆಗೆ ಬೀಗ ಹಾಕ್ಬೇಕಾದ್ರೂ ಏಳೂವರೆ ಮಾಡ್ತಿದ್ದಕ್ಕೆ. ನಮ್ಮನೆಯವರಿಗೆ, ಪರೀಕ್ಷೆ ಟೈಮಲ್ಲಿ ಮಗನ್ನ ಒಬ್ಬರೇ ಸಂಭಾಳಿಸಿದ್ದಕ್ಕೆ, ಇದಕ್ಕೆ ಥ್ಯಾಂಕ್ಸ್ ಅಂದ್ರೆ ಬೈತಾರೆ, ಅಂದ್ರೂ ಇರ್ಲಿ.

ಅವ್ವನಿಗೆ. ಅವ್ವ ಓದಿದ್ದು ನಾಲ್ಕನೇ ಕ್ಲಾಸು. ಅಪ್ಪಾಜಿ ಮಂಚದ ಪಕ್ಕ ಕೂತು ನಾನು ಓದ್ತಿದ್ದಾಗ ಏನದು ಅಂತ ಕೇಳೋಳು, ನಾನು ಕನ್ನಡದಲ್ಲಿ ಹೇಳ್ತಾ ಹೋಗ್ತಿದ್ದೆ, ರೊಟ್ಟಿ ತಟ್ಟೋದು ನಿಲ್ಸಿ ಕೇಳೋಳು. ಒಂದಿನ "ಆ ಜೆ ಅನ್ನೋಳ ಹೆಸರೇನು" ಅಂದ್ಲು. ಹೆಸರು ಹೊರಗೆ ಹಾಕಂಗಿಲ್ಲ ಅವ್ವ, ಅವರ ಜೀವಕ್ಕೆ ತೊಂದರೆ ಆಗ್ಬಾರ್ದು ಅಂತ ಅಕ್ಷರ ಮಾತ್ರ ಇಟ್ಟಿದ್ದಾರೆ ಅಂದೆ. "ಮತ್ತೆ ಆ ಕೂಸು?" ಅಂದ್ಲು. ಆಗ ಆರು ವರ್ಷ, ಇದ್ರೆ ಈಗ ನನಗಿಂತ ಸ್ವಲ್ಪ ಚಿಕ್ಕೋಳು. ಅದನ್ನ ಲೆಕ್ಕ ಹಾಕಿ ಹೇಳಿದ ಮೇಲೆ ಅವ್ವ ಎದ್ದು ಒಲೆ ಹತ್ರ ಹೋದ್ಲು, ಮತ್ತೆ ಆ ವಿಷಯ ಎತ್ಲಿಲ್ಲ.

ಥೀಸಿಸಿನ ಅರ್ಪಣೆ ಪುಟದಲ್ಲಿ ಅಪ್ಪಾಜಿ ಹೆಸರು ಹಾಕ್ಬೇಕು ಅಂತಿದ್ದೆ. ಅವ್ವನೇ ಬೇಡ ಅಂದ್ಲು. ಅಲ್ಲೀಗ ಇರೋದು ಸಾಕ್ಷಿ ಜೆ, ಸಾಕ್ಷಿ ಎಚ್, ಸಾಕ್ಷಿ ಜೆಜೆ ಅಂತ ಒಂದೇ ಸಾಲು. ಬೈಂಡ್ ಮಾಡ್ಸಿದ ಮೊದಲ ಪ್ರತಿ ಭಾನುವಾರ ಪಿಪಿ ಮೇಡಂ ಮನೆಗೆ ತಗೊಂಡು ಹೋಗ್ತಿದೀನಿ, ಅವ್ವನೂ ಬರ್ತೀನಿ ಅಂದಿದ್ದಾಳೆ.